ಎಡಜೇಬಿನ ಮೂರು ಗುಂಡಿಗಳು

ಅವತ್ತಿನ ರಾದ್ಧಾಂತಕ್ಕೆಲ್ಲ ಕಾರಣ ಹತ್ತು ಗುಂಡಿಗಳು. ಕೋಟಿಗೆ ಹಾಕುವಂಥ ದಪ್ಪ ಗುಂಡಿಗಳು. ಕಪ್ಪು ಬಣ್ಣ, ಅಂಚಿಗೆ ಕಂದು ಗೆರೆ, ನಡುವೆ ನಾಲ್ಕು ತೂತು. ಬೇರೆ ಯಾವ ಟೈಲರ್ ಆಗಿದ್ದರೂ ಅವನ್ನು ಕೋಟಿಗೆ ಹಾಕುತ್ತಿದ್ದ. ನಮ್ಮ ಟೈಲರ್ ಅವನ್ನು ಅಂಗಿಯ ಜೇಬಿನಲ್ಲಿ ಹಾಕಿಕೊಂಡು ತಿರುಗುತ್ತಿದ್ದ. ಅದೂ ಡಾಕ್ಟರು ಹೇಳಿದ್ದಕ್ಕೆ!

ಎರಡು ವರ್ಷದ ಹಿಂದೆ ಅವನಿಗೊಂದು ಜ್ವರ ಬಂದಿತ್ತು. ಜ್ವರವೇನೋ ಹದಿನೈದು ದಿನಕ್ಕೆ ಹೋಯಿತು, ಅದರ ಜೊತೆ ಬಂದ ಸುಸ್ತು ಮಾತ್ರ ಹೊರಡುವ ಮಾತೇ ಆಡದ ನೆಂಟನ ಹಾಗೆ ಒಳಗೇ ಬೀಡುಬಿಟ್ಟಿತು. ಬೆಳಗ್ಗೆ ಏಳುವಾಗಲೇ ಮೈಯನ್ನು ಯಾರೋ ಹಿಂಡಿ ಒಣಗಿಹಾಕಿದಂತೆ. ಎರಡು ಅಂಗಿ ಕತ್ತರಿಸಿದರೆ ಕೈ ನಡುಕ. ಗಿರಾಕಿ ಯಾರಾದರೂ ಬಾಗಿಲಲ್ಲಿ ನಿಂತು "ಇನ್ನೂ ಆಗಿಲ್ವಾ?" ಅಂದರೆ ಎದೆ ಡವಡವ. ರಾತ್ರಿ ಬಾ ಎಂದರೆ ಬಾರದ ನಿದ್ದೆ ಹಗಲು ಹೋಗು ಎಂದರೂ ಹೋಗದು. ಗಿರಾಕಿಗಳ ಸೊಂಟಕ್ಕೆ ಟೇಪು ಸುತ್ತಿ ನಿಂತಲ್ಲೇ ಆಕಳಿಸಿ ಆಕಳಿಸಿ, ಬೀದಿಯವರ ಬಾಯಲ್ಲಿ ಅವನು 'ಆಕಳಿಕೆ ಟೈಲರ್' ಆಗಿಹೋಗಿದ್ದ. ಸೋಮಾರಿ ಅಂದವರೂ ಉಂಟು. ಪಾಪ, ಸೋಮಾರಿಯಾಗಿದ್ದರೆ ಸುಖವಾಗಿಯಾದರೂ ಇರುತ್ತಿದ್ದ.

"ಇದು ಸೋಮಾರಿತನ ಅಲ್ಲ, ಕಾಯಿಲೆ" ಎಂದು ಮೊದಲು ಹೇಳಿದವರು ಡಾಕ್ಟರಮ್ಮ. ಅಷ್ಟು ಕೇಳಿದ್ದೇ ತಡ, ಟೈಲರಿಗೆ ಅಲ್ಲೇ ಸ್ಟೂಲಿನ ಮೇಲೆ ಅಳು ಬಂದುಬಿಟ್ಟಿತು. ಅಳು ಮುಗಿಯುವವರೆಗೆ ಕಾದು ಅವರು ಹೇಳಿದರು: "ನೋಡಿ, ನಿಮಗೆ ದಿನಕ್ಕೆ ಇಷ್ಟೇ ಅಂತ ಶಕ್ತಿ ಇರುತ್ತೆ. ಬೆಳಗ್ಗೇನೇ ಎಲ್ಲಾ ಸುರಿದುಬಿಟ್ರೆ ಸಂಜೆಗೆ ಏನು ಉಳಿಯುತ್ತೆ? ಕಡ್ಡಿನೋ ಕಲ್ಲೋ, ಹತ್ತು ಎಡಗಡೆ ಜೇಬಲ್ಲಿ ಇಟ್ಕೊಳಿ. ಒಂದೊಂದು ಕೆಲಸಕ್ಕೆ ಒಂದೊಂದು ತೆಗೆದು ಬಲಗಡೆ ಹಾಕಿ. ಎಡಗಡೆ ಖಾಲಿ ಆಯ್ತೋ, ಏನೇ ಇರ್ಲಿ, ಮಲಗಿಬಿಡಿ. ಮಧ್ಯಾಹ್ನ ಅರ್ಧ ಗಂಟೆ ಕಣ್ಣು ಮುಚ್ಚಿ. ಸುಸ್ತಾದ್ಮೇಲೆ ಮಲಗೋದಲ್ಲ, ಸುಸ್ತಾಗೋ ಮುಂಚೆ ಮಲಗೋದು. ತಿಳೀತಾ?"

ತಿಳಿಯಿತು. ಟೈಲರ್ ಅಂಗಡಿಯಲ್ಲಿ ಕಡ್ಡಿ ಕಲ್ಲು ಹುಡುಕುವ ಗತಿ ಯಾರಿಗೆ ಬಂದಿದೆ? ಡಬ್ಬದಲ್ಲಿ ಉಳಿದಿದ್ದ ಕೋಟಿನ ಹತ್ತು ಗುಂಡಿ ತೆಗೆದುಕೊಂಡ. ಸ್ನಾನಕ್ಕೆ ಒಂದು, ಕೋಟು ಕತ್ತರಿಸಲು ಎರಡು, ಜಗಳಗಂಟ ಗಿರಾಕಿಗೆ ಒಂದು ಎಂದು ತನ್ನದೇ ದರ ಗೊತ್ತುಮಾಡಿಕೊಂಡ. ಆಶ್ಚರ್ಯವೆಂದರೆ ಮೂರೇ ವಾರದಲ್ಲಿ ಗುಣ ಕಂಡಿತು. ಸಂಜೆ ಮನೆಗೆ ಹೋದಾಗ ಊಟದ ತಟ್ಟೆಯ ಮುಂದೆ ತೂಕಡಿಸುವುದು ನಿಂತು, ಹೆಂಡತಿಯ ಜೊತೆ ನಾಲ್ಕು ಮಾತಾಡುವಂತಾಯಿತು. ಎರಡು ವರ್ಷದಲ್ಲಿ ಅವಳು ಕೂಡಿಟ್ಟ ಮಾತೆಲ್ಲ ಕೇಳಬೇಕಾಗಿ ಬಂದದ್ದು ಬೇರೆ ವಿಷಯ.

ಅಂಥ ಹೊತ್ತಿಗೆ ಮಗಳ ಶಾಲೆಯ ವಾರ್ಷಿಕೋತ್ಸವ ಬಂತು.

ಹೋದ ವರ್ಷದ್ದನ್ನು ನೆನೆದರೆ ಟೈಲರಿಗೆ ಈಗಲೂ ಮುಖ ಮುಚ್ಚಿಕೊಳ್ಳುವಂತಾಗುತ್ತದೆ. ಮಗಳು ವೇದಿಕೆಯ ಮೇಲೆ ನಿಂತು ಪದ್ಯ ಹೇಳುತ್ತಿದ್ದಳು. ಇವನು ಎದುರು ಸಾಲಿನಲ್ಲಿ ಗೊರಕೆ ಹೊಡೆದ. ಅದು ಮೈಕಿಗೂ ಕೇಳಿಸಿ, ಇಡೀ ಸಭೆ ಗೊಳ್ಳೆಂದು ನಕ್ಕಿತು. ಮಗಳು ಮೂರನೇ ಸಾಲು ಮರೆತು, ಅಪ್ಪನನ್ನೇ ನೋಡುತ್ತ ನಿಂತುಬಿಟ್ಟಳು. ಮನೆಗೆ ಬಂದ ಮೇಲೂ ಅವಳು ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಈ ಸಲ ಅವಳದು ಮೌತ್ ಆರ್ಗನ್. ನಾಲ್ಕೇ ನಾಲ್ಕು ನಿಮಿಷ. ಬೆಳಗ್ಗೆ ಟೈಲರ್ ಗುಂಡಿಗಳನ್ನು ಎಣಿಸಿ ಜೇಬಿಗೆ ಹಾಕುವಾಗ ಬಾಗಿಲಿಗೆ ಒರಗಿ ನಿಂತು ಕೇಳಿದಳು. "ಅಪ್ಪ, ಸಂಜೆ ಬರ್ತೀಯಾ?"

ಬಾ ಎನ್ನುತ್ತಿದ್ದಾಳೋ ಬೇಡ ಎನ್ನುತ್ತಿದ್ದಾಳೋ ಅವನಿಗೆ ಗೊತ್ತಾಗಲಿಲ್ಲ.

"ಬರ್ತೀನಿ ಕಣಮ್ಮ. ನಿನಗೆ ಅಂತಾನೇ ಮೂರು ಗುಂಡಿ ತೆಗೆದಿಡ್ತೀನಿ. ನಡೆಯೋಕೆ ಒಂದು, ಕೂರೋಕೆ ಒಂದು, ನಿನ್ನ ಹಾಡಿಗೆ ಒಂದು. ಏನೇ ಆದ್ರೂ ಮುಟ್ಟಲ್ಲ."

ಮಗಳು ತಲೆಯಾಡಿಸಿ ಹೋದಳು. ಪೂರ್ತಿ ನಂಬಿದಂತೆ ಕಾಣಲಿಲ್ಲ.

ಸ್ನಾನಕ್ಕೆ ಒಂದು ಗುಂಡಿ ಹೋಗಿ ಒಂಬತ್ತಿಟ್ಟುಕೊಂಡು ಟೈಲರ್ ಮೆಟ್ಟಿಲಿಳಿದ. ಕೆಳಗಡೆ ಮನೆಯ ನಿವೃತ್ತ ಪೋಸ್ಟ್‌ಮ್ಯಾನ್ ಗೇಟಿನ ಹತ್ತಿರ ಕಾದೇ ನಿಂತಿದ್ದರು. ಮೂವತ್ತೈದು ವರ್ಷ ಕಾಗದ ಹಂಚಿದ ಕಾಲು ಅದು; ನಿವೃತ್ತಿಯಾದದ್ದು ಕಾಲಿಗೆ ಇನ್ನೂ ತಿಳಿದಿರಲಿಲ್ಲ.

"ಸುಸ್ತಿಗೆ ಔಷಧಿ ಮಲಗೋದಲ್ಲ ಮಾರಾಯ್ರೇ, ನಡೆಯೋದು! ಬನ್ನಿ, ಅಂಗಡಿವರೆಗೆ ನಾನೂ ಬರ್ತೀನಿ" ಎಂದರು.

"ಅಂಗಡಿ ಇಲ್ಲೇ ತಿರುವಲ್ಲಿದೆಯಲ್ಲ ಸಾರ್."

"ಅದು ಹತ್ತಿರದ ದಾರಿ. ನಾವು ದೂರದ ದಾರೀಲಿ ಹೋಗೋಣ."

ದೂರದ ದಾರಿ ನೀರಿನ ಟ್ಯಾಂಕು ಸುತ್ತಿ, ಬಸ್ ಡಿಪೋ ಹಿಂದೆ ಹಾಯ್ದು, ಮೂರು ನಾಯಿಗಳನ್ನು ಎಬ್ಬಿಸಿ ಬರುತ್ತಿತ್ತು. ಪ್ರತಿ ಗೇಟಿನ ಮುಂದೆಯೂ ನಿಂತು, ಆ ಮನೆಗೆ ಯಾವ ಕಾಲದಲ್ಲಿ ಯಾರ ಕಾಗದ ಬರುತ್ತಿತ್ತು ಎಂದು ಹೇಳುವುದು ಅವರ ಪದ್ಧತಿ. ಅಂಗಡಿ ಮುಟ್ಟುವಾಗ ಎರಡು ಗುಂಡಿ ಬಲಕ್ಕೆ ಹೋಗಿದ್ದವು. ಉಳಿದದ್ದು ಏಳು.

ಅಂಗಡಿಯಲ್ಲಿ ಟೈಲರಿಗೆ ಜೊತೆಗಾರನೆಂದರೆ ಅವನ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ. ಎಲ್ಲರೂ ಅವನನ್ನು 'ಅರ್ಜೆಂಟ್' ಎಂದು ಕರೆಯುತ್ತಿದ್ದರು. ಅವನು ಉಸಿರಾಡುವುದೂ ಅರ್ಜೆಂಟಿನಲ್ಲೇ. ಸೂಜಿಗೆ ದಾರ ಪೋಣಿಸುವ ಮೊದಲೇ ಹೊಲಿಯಲು ಶುರುಮಾಡಿದ ಖ್ಯಾತಿ ಅವನದು.

"ಭಾವ, ಹೆಡ್ ಮೇಷ್ಟ್ರ ಕೋಟು! ಸಂಜೆ ಫಂಕ್ಷನ್‌ಗೇ ಹಾಕ್ಕೋತಾರಂತೆ. ನಾಲ್ಕಕ್ಕೆ ಕೊಡ್ಬೇಕು. ಇನ್ನೂ ಕಾಲರ್ ಬಾಕಿ, ತೋಳು ಬಾಕಿ!"

"ಗೊತ್ತು ಕಣಯ್ಯ. ಕಿರುಚ್ಬೇಡ. ಕಿರುಚಾಟ ಕೇಳಿದ್ರೂ ನನಗೆ ಗುಂಡಿ ಖರ್ಚು."

ಕಾಲರ್ ಕೂರಿಸಿ ತೋಳು ಜೋಡಿಸುವಷ್ಟರಲ್ಲಿ ಎರಡು ಹೋದವು. ಅಷ್ಟರಲ್ಲಿ ಪಕ್ಕದಂಗಡಿಯ ಗಡಿಯಾರ ರಿಪೇರಿಯವನು ಬಂದ. ಹಣೆಯ ಮೇಲೆ ಭೂತಗನ್ನಡಿ ಏರಿಸಿಕೊಂಡು, ಟೈಲರಿನ ಕಣ್ಣುರೆಪ್ಪೆ ಎತ್ತಿ, ಗಡಿಯಾರದ ಹೊಟ್ಟೆ ನೋಡಿದ ಹಾಗೆ ಒಳಗೆ ನೋಡಿದ.

"ಧೂಳು ಕೂತಿದೆ ಅಣ್ಣ. ಒಂದ್ಸಲ ಅಲ್ಲಾಡಿಸಿದ್ರೆ ಸರಿಹೋಗುತ್ತೆ. ಎದ್ದೇಳಿ, ಇಪ್ಪತ್ತು ಸಲ ಕುಪ್ಪಳಿಸಿ."

"ಡಾಕ್ಟ್ರು ಕುಪ್ಪಳಿಸಿ ಅಂತ ಹೇಳಿಲ್ಲಪ್ಪ."

"ಅವರು ಮನುಷ್ಯರ ಡಾಕ್ಟ್ರು. ನಿಂತುಹೋಗಿರೋದನ್ನ ನಡೆಸೋದು ನನ್ನ ಕಸುಬು!"

ಆರು ಸಲ ಕುಪ್ಪಳಿಸಿ ಟೈಲರ್ ಗೋಡೆ ಹಿಡಿದುಕೊಂಡ. ಅಲ್ಲಿಗೆ ಇನ್ನೊಂದು ಗುಂಡಿ. ಉಳಿದ ನಾಲ್ಕರಲ್ಲಿ ಒಂದನ್ನು ದಪ್ಪನೆಯ ಗಿರಾಕಿಯೊಬ್ಬ ತಿಂದುಹಾಕಿದ. ಆರು ತಿಂಗಳ ಹಿಂದಿನ ಅಳತೆಯಲ್ಲೇ ಪ್ಯಾಂಟು ಹೊಲಿಸಿಕೊಂಡು, ತನ್ನ ಹೊಟ್ಟೆ ಬೆಳೆದಿಲ್ಲ, ಬಟ್ಟೆಯೇ ಚಿಕ್ಕದಾಗಿದೆ ಎಂದು ಅವನ ವಾದ. ಹೊಟ್ಟೆ ಅವನ ಎದುರಿಗೇ ಸಾಕ್ಷಿ ಹೇಳುತ್ತಿದ್ದರೂ ಒಪ್ಪಲೊಲ್ಲ.

ಕೊನೆಗೆ ಗಂಟೆ ಎರಡಾಯಿತು. ಎಡಜೇಬಿನಲ್ಲಿ ಸರಿಯಾಗಿ ಮೂರು ಗುಂಡಿ. ಟೈಲರಿಗೆ ಪರೀಕ್ಷೆ ಪಾಸಾದಷ್ಟು ಖುಷಿ. ಅಂಗಿ ಸುಕ್ಕಾಗಬಾರದೆಂದು ಬಿಚ್ಚಿ ಮೊಳೆಗೆ ನೇತುಹಾಕಿ, ಕತ್ತರಿಸುವ ಮೇಜಿನ ಕೆಳಗೆ ಚಾಪೆ ಹಾಸಿ, "ಏನೇ ಆದ್ರೂ ಎಬ್ಬಿಸ್ಬೇಡ. ಕೋಟಿಗೆ ಗುಂಡಿ ಹಾಕಿ ಇಸ್ತ್ರಿ ಮಾಡಿ ಕೊಟ್ಟು ಬಾ" ಎಂದು ಷಡ್ಡಕನಿಗೆ ಹೇಳಿ ಮಲಗಿದ.

ಎಂಥ ನಿದ್ದೆ! ಎರಡು ವರ್ಷದಲ್ಲಿ ಬಂದಿರಲಿಲ್ಲ. ಅರ್ಧ ಗಂಟೆ ಎಂದುಕೊಂಡದ್ದು ಎರಡು ಗಂಟೆಯಾಯಿತು. ನಾಲ್ಕಕ್ಕೆ ಎದ್ದಾಗ ಕಣ್ಣು ತೊಳೆದಿಟ್ಟಷ್ಟು ನಿಚ್ಚಳ, ಮೈ ಹಗುರ. ಸಿಳ್ಳೆ ಹಾಕುತ್ತ ಅಂಗಿ ತೊಟ್ಟು ಎಡಜೇಬಿಗೆ ಕೈ ಹಾಕಿದ.

ಖಾಲಿ.

ಬಲಜೇಬು ನೋಡಿದ. ಏಳು. ಮತ್ತೆ ಎಡಜೇಬು. ಜೇಬನ್ನು ಒಳಗೆ ಹೊರಗೆ ತಿರುಗಿಸಿದ. ಒಂದು ದಾರದ ಎಳೆ ಬಿದ್ದಿತು, ಅಷ್ಟೆ.

ಅದುವರೆಗೆ ಹಗುರವಾಗಿದ್ದ ಕಾಲಲ್ಲಿ ಒಮ್ಮೆಲೇ ಜೀವವೇ ಇಲ್ಲದಂತಾಯಿತು. ಮೂರು ವಾರದಿಂದ ಅವನು ತನ್ನ ಮೈಯ ಮಾತು ಕೇಳುವುದನ್ನೇ ಬಿಟ್ಟು ಗುಂಡಿಯ ಮಾತು ಕೇಳುತ್ತಿದ್ದ. ಗುಂಡಿ ಇಲ್ಲವೆಂದರೆ ಶಕ್ತಿ ಇಲ್ಲ. ಸುಸ್ತು ನಿಜವೋ ಸುಳ್ಳೋ, ಅಲ್ಲೇ ಕುಸಿದು ಕೂತ.

"ಯಾರಾದ್ರೂ ಬನ್ರಪ್ಪಾ, ನನ್ನ ಶಕ್ತಿ ಕಳೆದುಹೋಗಿದೆ!"

ಗಡಿಯಾರದವನು ಓಡಿಬಂದ. ಬೀದಿಯಲ್ಲಿ ಏಳನೇ ಸುತ್ತಿನಲ್ಲಿದ್ದ ಪೋಸ್ಟ್‌ಮ್ಯಾನರೂ ಒಳಗೆ ಬಂದರು. ಮೂವರೂ ಮಂಡಿಯೂರಿ ಮಿಷಿನ್ನಿನ ಕೆಳಗೆ, ಚಿಂದಿ ರಾಶಿಯಲ್ಲಿ, ಇಸ್ತ್ರಿ ಪೆಟ್ಟಿಗೆಯ ಹಿಂದೆ ಹುಡುಕಿದರು. ಹೋದ ವರ್ಷ ಕಳೆದಿದ್ದ ಒಂದು ಕತ್ತರಿ, ಪೋಸ್ಟ್‌ಮ್ಯಾನರದೇ ಒಂದು ಕನ್ನಡಕ ಸಿಕ್ಕವು. ಗುಂಡಿ ಸಿಗಲಿಲ್ಲ.

ಆಗ ಷಡ್ಡಕ ಬೆವರು ಒರೆಸಿಕೊಳ್ಳುತ್ತ ಬಂದ. "ಕೋಟು ಕೊಟ್ಟು ಬಂದೆ ಭಾವ! ಹೆಡ್ ಮೇಷ್ಟ್ರಿಗೆ ಎಷ್ಟು ಖುಷಿ ಅಂತೀರಿ, ಕನ್ನಡಿ ಬಿಟ್ಟು ಕದಲಲಿಲ್ಲ. ಗುಂಡಿ ವಿಷಯದಲ್ಲಿ ಸ್ವಲ್ಪ ಪೇಚಾಡಿದೆ. ಡಬ್ಬ ನೋಡಿದ್ರೆ ಖಾಲಿ. ಕೋಟಿಗೆ ಬೇಕಾಗಿರೋದು ಮೂರು. ನಿಮ್ಮನ್ನ ಎಬ್ಬಿಸೋ ಹಾಗಿಲ್ಲ. ನೋಡ್ತೀನಿ, ನಿಮ್ಮ ಅಂಗಿ ಜೇಬಲ್ಲೇ ಮೂರು ಕೂತಿವೆ! ನನ್ನ ಕೈಗೆ ಹತ್ತಿರ ಇದ್ದಿದ್ದು ಎಡಗಡೆ ಜೇಬು..."

"ಅಯ್ಯೋ ಪಾಪಿ!" ಟೈಲರ್ ತಲೆ ಮೇಲೆ ಕೈ ಹೊತ್ತುಕೊಂಡ. "ಸಂಜೆಗೆ ಅಂತ ಇಟ್ಟಿದ್ದ ಶಕ್ತೀನ ತಗೊಂಡು ಹೋಗಿ ಹೆಡ್ ಮೇಷ್ಟ್ರ ಎದೆಗೆ ಹೊಲ್ದ್ಬಿಟ್ಯಲ್ಲೋ!"

"ಅಷ್ಟೇ ತಾನೇ? ಬಲಗಡೆ ಏಳಿವೆ, ಮೂರು ತೆಗೆದು ಎಡಗಡೆ ಹಾಕ್ಕೊಳಿ."

"ಖರ್ಚಾಗಿರೋದು ಕಣೋ ಅವು! ಖರ್ಚಾದ ಶಕ್ತಿ ಜೇಬು ಬದಲಾಯಿಸಿದ್ರೆ ವಾಪಸ್ ಬರುತ್ತಾ?"

ಡಾಕ್ಟರಮ್ಮನ ಮಾತು ಮೀರಬಾರದು, ಮಲಗಿಬಿಡಿ ಎಂದು ಗಡಿಯಾರದವನು. ನಡೆದರೆ ಎಲ್ಲ ಬರುತ್ತದೆ, ಶಾಲೆಗೆ ದೂರದ ದಾರಿಯಲ್ಲಿ ಹೋಗೋಣ ಎಂದು ಪೋಸ್ಟ್‌ಮ್ಯಾನ್. ಟೈಲರ್ ಗೋಡೆಯ ಗಡಿಯಾರ ನೋಡಿದ. ನಾಲ್ಕೂವರೆ. ಬಾಗಿಲಿಗೆ ಒರಗಿ ನಿಂತಿದ್ದ ಮಗಳ ಮುಖ ನೆನಪಾಯಿತು.

"ಗುಂಡಿ ಇಲ್ದಿದ್ರೆ ಕತ್ತೆ ಬಾಲ. ಮಗು ಕಾಯ್ತಿರುತ್ತೆ" ಎಂದು ಎದ್ದ. ದೂರದ ದಾರಿಯನ್ನು ಮಾತ್ರ ಖಡಾಖಂಡಿತವಾಗಿ ಬೇಡವೆಂದ.

ಶಾಲೆಯ ಸಭಾಂಗಣದಲ್ಲಿ ಎದುರು ಸಾಲಿನಲ್ಲೇ ಹೆಂಡತಿ ಜಾಗ ಹಿಡಿದಿದ್ದಳು. ಟೈಲರ್ ಕೂತ. ಎಡಕ್ಕೆ ಹೆಂಡತಿ, ಬಲಕ್ಕೆ ಪೋಸ್ಟ್‌ಮ್ಯಾನ್, ಹಿಂದಿನ ಸಾಲಿನಲ್ಲಿ, ತಮ್ಮ ಮಗನ ಹಾಡು ಕೇಳಲು ಬಂದ ಡಾಕ್ಟರಮ್ಮ. ಮೊದಲು ಮುಖ್ಯೋಪಾಧ್ಯಾಯರ ಭಾಷಣ, ಆಮೇಲೆ ಮಕ್ಕಳ ಕಾರ್ಯಕ್ರಮ. ಮುಖ್ಯೋಪಾಧ್ಯಾಯರ ಭಾಷಣವೆಂದರೆ ಸುತ್ತಮುತ್ತಲಿನವರಿಗೆಲ್ಲ ಗೊತ್ತು. ಅದನ್ನು ಶುರುವಿನಿಂದ ಕೊನೆಯವರೆಗೆ ಕೇಳಿದ ಮನುಷ್ಯ ಇನ್ನೂ ಹುಟ್ಟಿರಲಿಲ್ಲ. ಆರೋಗ್ಯವಂತರೇ ನೆಲ ಕಚ್ಚುವ ಜಾಗ ಅದು, ಇನ್ನು ಇವನ ಪಾಡೇನು?

ಮುಖ್ಯೋಪಾಧ್ಯಾಯರು ಹೊಸ ಕೋಟು ತೊಟ್ಟು ಬಂದು ಮೈಕಿನ ಮುಂದೆ ನಿಂತರು. ಎದೆಯ ಮೇಲೆ ಮೂರು ಗುಂಡಿ ಫಳಫಳ. "ಮಾನ್ಯರೇ, ಶಿಸ್ತು ಎಂದರೇನು?" ಎಂದರು. ಎರಡನೇ ವಾಕ್ಯಕ್ಕೆ ಟೈಲರಿನ ರೆಪ್ಪೆ ಭಾರವಾದವು. ಮೂರನೇ ವಾಕ್ಯಕ್ಕೆ ತಲೆ ಎದೆಗೆ ಇಳಿಯತೊಡಗಿತು. ಇಳಿಯುತ್ತ ಇಳಿಯುತ್ತ ದೃಷ್ಟಿ ಕೋಟಿನ ನಡುವಿನ ಗುಂಡಿಯ ಮೇಲೆ ಬಿತ್ತು.

ಗುಂಡಿ ಅಲ್ಲಾಡಿತು.

ಟೈಲರಿನ ಕಣ್ಣು ಪಟ್ಟೆಂದು ತೆರೆದವು. ಷಡ್ಡಕ ಅರ್ಜೆಂಟಿನಲ್ಲಿ ಗಂಟು ಹಾಕುವುದನ್ನೇ ಮರೆತಿದ್ದ! ಗುಂಡಿ ಒಂದೇ ಒಂದು ಎಳೆಯಲ್ಲಿ ತೂಗಾಡುತ್ತಿತ್ತು. ಮುಖ್ಯೋಪಾಧ್ಯಾಯರಿಗೋ 'ಶಿಸ್ತು' ಎಂದಾಗಲೆಲ್ಲ ಎದೆಯುಬ್ಬಿಸುವ ಅಭ್ಯಾಸ. ಇಷ್ಟು ಜನರ ಮುಂದೆ ಗುಂಡಿ ಹಾರಿ, ಕೋಟು ಬಿಚ್ಚಿಕೊಂಡರೆ ಅಂಗಡಿಯ ಮಾನದ ಗತಿ? ಎಲ್ಲಕ್ಕಿಂತ ಹೆಚ್ಚಾಗಿ, 'ಅಪ್ಪ ಹೊಲಿದ ಕೋಟು' ಎಂದು ಇಡೀ ಶಾಲೆ ನಗುವಾಗ ಮಗಳು ಮತ್ತೆ ಆ ವೇದಿಕೆಯ ಮೇಲೆ ನಿಲ್ಲಬೇಕಲ್ಲ?

"ಶಿಸ್ತೇ ಜೀವನ!" ಎದೆ ಉಬ್ಬಿತು. ದಾರ ಬಿಗಿಯಾಯಿತು. ಟೈಲರ್ ಕುರ್ಚಿಯ ತುದಿಗೆ ಬಂದ. ಉಸಿರು ಬಿಟ್ಟರು. ಗುಂಡಿ ನಿಂತಿತು. ಟೈಲರ್ ತಾನೂ ಉಸಿರು ಬಿಟ್ಟ.

ಹೀಗೆ ಐವತ್ತು ನಿಮಿಷ! ಹತ್ತನೇ ನಿಮಿಷಕ್ಕೆ ಪೋಸ್ಟ್‌ಮ್ಯಾನ್ ಒರಗಿದರು. ಹದಿನೈದಕ್ಕೆ ಹಿಂದಿನ ಸಾಲು ಪೂರ್ತಿ ಮಲಗಿತು, ನಿದ್ದೆ ಡಾಕ್ಟರಮ್ಮನನ್ನೂ ಬಿಡಲಿಲ್ಲ. ಅರ್ಧ ಗಂಟೆಗೆ ಸಭಾಂಗಣವೆಲ್ಲ ಸ್ತಬ್ಧ. ಎಚ್ಚರವಿದ್ದವರು ಇಬ್ಬರೇ, ಮಾತಾಡುವವರು ಮತ್ತು ಟೈಲರ್. ಕಣ್ಣು ಮಿಟುಕಿಸದೆ, ಬಾಯಿ ಅರ್ಧ ತೆರೆದು, 'ಶಿಸ್ತು' ಬಂದಾಗಲೆಲ್ಲ ಮುಂದಕ್ಕೆ ಬಾಗಿ, ವಾಕ್ಯ ಮುಗಿದಾಗ ನಿಟ್ಟುಸಿರಿಟ್ಟು ಹಿಂದಕ್ಕೆ ಸರಿಯುತ್ತಿದ್ದ. ಮುಖ್ಯೋಪಾಧ್ಯಾಯರು ಅದನ್ನು ಗಮನಿಸಿದರು. ಮೊದಲು ನಂಬಲಿಲ್ಲ. ಆಮೇಲೆ ಅವರ ದನಿ ಗದ್ಗದವಾಯಿತು. ಕೊನೆಯ ಇಪ್ಪತ್ತು ನಿಮಿಷ ಅವರು ಇವನೊಬ್ಬನಿಗೇ ಮಾತಾಡಿದರು.

ಭಾಷಣ ಮುಗಿಯಿತು. ಗುಂಡಿ ಬೀಳಲಿಲ್ಲ. ಚಪ್ಪಾಳೆಗೆ ಸಭೆ ಎಚ್ಚೆತ್ತಿತು.

ಆಮೇಲೆ ಮಗಳು ಬಂದಳು. ವೇದಿಕೆಗೆ ಬಂದವಳೇ ಮೊದಲು ನೋಡಿದ್ದು ಎದುರು ಸಾಲಿನ ಕಡೆ. ಅಪ್ಪ ಎಚ್ಚರವಾಗಿದ್ದ. ಅವಳ ಭುಜ ಸಡಿಲವಾದದ್ದು ಟೈಲರಿಗೆ ಕೂತಲ್ಲಿಂದಲೇ ಕಂಡಿತು. ನಾಲ್ಕು ನಿಮಿಷ ಅವಳು ನುಡಿಸಿದಳು, ನಾಲ್ಕು ನಿಮಿಷವೂ ಅವನು ಕೇಳಿದ. ಮಧ್ಯೆ ಒಂದು ಕಡೆ ತಪ್ಪಿ, ತಾನೇ ನಕ್ಕು, ಸರಿಮಾಡಿಕೊಂಡದ್ದೂ ಕೇಳಿದ. ಎರಡು ವರ್ಷದಲ್ಲಿ ಅಷ್ಟು ಸಂತೋಷ ಅವನಿಗೆ ಆಗಿರಲಿಲ್ಲ. ಕಣ್ಣೀರು ಇಳಿದದ್ದನ್ನು ಒರೆಸಿಕೊಳ್ಳಲೂ ಇಲ್ಲ.

ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಮುಖ್ಯೋಪಾಧ್ಯಾಯರು ಮತ್ತೆ ಮೈಕ್ ಹಿಡಿದರು.

"ಒಂದು ಮುಖ್ಯವಾದ ವಿಷಯ. ನಮ್ಮ ಪೋಷಕರ ಸಂಘದ ಕಾರ್ಯದರ್ಶಿಗಳು ಹೋದ ವರ್ಷ ಹೇಳದೆ ಕೇಳದೆ ಊರು ಬಿಟ್ಟರು. ಆ ಜಾಗಕ್ಕೆ ತಕ್ಕ ಮನುಷ್ಯನನ್ನು ನಾನು ಇಂದು ಕಂಡೆ. ನನ್ನ ಮೂವತ್ತು ವರ್ಷದ ಸೇವೆಯಲ್ಲಿ ನನ್ನ ಮಾತನ್ನು ಪೂರ್ತಿ ಕೇಳಿದ ಏಕೈಕ ವ್ಯಕ್ತಿ! ಕೇಳುತ್ತ ಕಣ್ಣೀರಿಟ್ಟ ವ್ಯಕ್ತಿ! ಇಂಥ ಚೈತನ್ಯ ಎಷ್ಟು ಜನರಲ್ಲಿದೆ? ಇನ್ನು ಮುಂದೆ ಪ್ರತಿದಿನ ಸಂಜೆ ಐದಕ್ಕೆ ಅವರು ನನ್ನ ಕೋಣೆಗೆ ಬರುತ್ತಾರೆ. ನನ್ನ ಭಾಷಣಗಳೆಲ್ಲ ಪುಸ್ತಕವಾಗಬೇಕಾಗಿದೆ. ನಾನು ಓದುತ್ತೇನೆ, ಅವರು ಕೇಳುತ್ತಾರೆ."

ತಮ್ಮ ಕೊರಳಿಗೆ ಬೀಳದೆ ಇನ್ನೊಬ್ಬನ ಕೊರಳಿಗೆ ಬಿತ್ತೆಂದು ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಟೈಲರ್ ಕಂಗಾಲಾಗಿ ಹಿಂದೆ ತಿರುಗಿ ಡಾಕ್ಟರಮ್ಮನ ಮುಖ ನೋಡಿದ. ಅವರೂ ತಟ್ಟುತ್ತಿದ್ದರು. "ಎಷ್ಟು ಗುಣ ಆಗಿದೆ ನೋಡಿ! ಔಷಧಿನೇ ಬೇಡ ನಿಮಗೆ" ಎಂದರು.

ಜನ ಕರಗಿದ ಮೇಲೆ ಮಗಳು ಓಡಿಬಂದು ಅವನ ಕೈ ಹಿಡಿದುಕೊಂಡಳು. "ಅಪ್ಪ, ನಂದು ಪೂರ್ತಿ ಕೇಳಿದ್ಯಾ?"

"ಒಂದು ಸ್ವರಾನೂ ಬಿಟ್ಟಿಲ್ಲ ಕಣಮ್ಮ."

"ಅದು ಸರಿ. ಭಾಷಣ ಯಾಕಪ್ಪ ಕೇಳಕ್ಕೆ ಹೋದೆ? ನಾನು ಅಮ್ಮಂಗೆ ಹೇಳಿದ್ದೆನಲ್ಲ, ಅಪ್ಪ ಆರಾಮಾಗಿ ಮಲಗ್ಲಿ, ನನ್ನ ಹೆಸರು ಕರೆದಾಗ ಪಿನ್ ಚುಚ್ಚಿ ಎಬ್ಬಿಸು ಅಂತ?"

ಹೆಂಡತಿ ಸೆರಗಿನ ತುದಿಯಿಂದ ಪಿನ್ನು ತೆಗೆದು ತೋರಿಸಿದಳು. "ಇಟ್ಕೊಂಡೇ ಕೂತಿದ್ದೆ. ನೀವು ಮಲಗಿ, ನಾನು ಎಬ್ಬಿಸ್ತೀನಿ ಅಂತ ಹೇಳೋಣ ಅಂತ ತಿರುಗಿದ್ರೆ ನೀವು ಭಾಷಣದಲ್ಲಿ ಮುಳುಗಿಹೋಗಿದ್ರಿ. ಅಷ್ಟು ಆಸಕ್ತಿ ಇದ್ಮೇಲೆ ಯಾಕೆ ಕೆಡಿಸೋದು ಅಂತ ನಾನೇ ಒಂದು ನಿದ್ದೆ ತೆಗೆದೆ ರೀ."

ಟೈಲರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡಕ್ಕೂ ತ್ರಾಣವಿರಲಿಲ್ಲ. ಮೂವರೂ ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟಿರಬೇಕು, ಹಿಂದಿನಿಂದ ಕರೆ ಬಂತು.

"ಕಾರ್ಯದರ್ಶಿಗಳೇ! ಹೊರಟೇಬಿಟ್ರಾ? ಐದೇ ನಿಮಿಷ ಕೂತ್ಕೊಳಿ. ಸಮಯ ಸಾಲ್ದೆ ಎರಡನೇ ಭಾಗ ಬಿಟ್ಬಿಟ್ಟೆ."

ಟೈಲರ್ ಖಾಲಿ ಸಭಾಂಗಣದಲ್ಲಿ, ಎದುರು ಸಾಲಿನಲ್ಲಿ, ಮತ್ತೆ ಕೂತ. ಮಗಳು ಪಕ್ಕದಲ್ಲಿ ಕೂತಳು. ಎರಡನೇ ವಾಕ್ಯ ಮುಗಿಯುವಷ್ಟರಲ್ಲಿ ಅವಳು ಅಪ್ಪನ ತೋಳಿಗೆ ಒರಗಿ ನಿದ್ದೆಹೋದಳು. ಪಾಪ, ಬೆಳಗಿನಿಂದ ಹೆದರಿ ಹೆದರಿ ದಣಿದಿದ್ದಳು. ತಾನು ತೂಕಡಿಸಿದರೆ ಮಗುವಿಗೆ ಎಚ್ಚರವಾದೀತೆಂದು ಟೈಲರ್ ಅಲ್ಲಾಡದೆ, ಬೆನ್ನು ನೆಟ್ಟಗೆ ಮಾಡಿ, ಕಣ್ಣು ಅಗಲಿಸಿಕೊಂಡು ಕೂತ. ಆ ಶ್ರದ್ಧೆ ಕಂಡು ಮುಖ್ಯೋಪಾಧ್ಯಾಯರು ಮೂರನೇ ಭಾಗವನ್ನೂ ಕೈಚೀಲದಿಂದ ತೆಗೆದರು.